ಕಾಕಾ ಮಲಗಿ ನೋಡಿದ ಮನೆಗಳು

ನಮ್ಮ ಕಾಕಾನಷ್ಟು ಪರರ ಮನೆಗಳಲ್ಲಿ ಮಲಗಿ ಎದ್ದವರು ಹುಬ್ಬಳ್ಳಿ-ಧಾರವಾಡ ಎರಡನ್ನೂ ಸೇರಿಸಿ ಹುಡುಕಿದರೂ ಇನ್ನೊಬ್ಬರು ಸಿಗಲಿಕ್ಕಿಲ್ಲ! ತಪ್ಪು ತಿಳಿಯಬೇಡಿ. ಅವರು ರೇಲ್ವೆಯಿಂದ ನಿವೃತ್ತರಾದವರು, ಚರ್ಚಿನಲ್ಲಿ ಮುಂದಿನ ಬೆಂಚು ಬಿಟ್ಟು ಕೂರದ ಮರ್ಯಾದಸ್ಥರು. ಅವರು ಮಲಗಿದ್ದೆಲ್ಲ ಮಾರಾಟಕ್ಕಿದ್ದ ಮನೆಗಳಲ್ಲಿ. ಅದೂ ಹಾಡಹಗಲೇ, ಏಜೆಂಟರ ಕಣ್ಣೆದುರಿಗೇ.

ಮೊದಲ ಸಲ ಮನೆ ಕೊಳ್ಳುವವರು ಏನು ನೋಡುತ್ತಾರೆ? ರಸ್ತೆ ಎಷ್ಟು ಅಗಲ, ನಳದ ನೀರು ಎಷ್ಟು ದಿನಕ್ಕೊಮ್ಮೆ, ಬ್ಯಾಂಕಿನವರು ಸಾಲ ಕೊಡುತ್ತಾರೋ ಇಲ್ಲವೋ. ನೆಂಟರಿಷ್ಟರ ಪರವಾಗಿ ಮನೆ ನೋಡಲು ಹೋಗುವ ಕಾಕಾ ಇದ್ಯಾವುದನ್ನೂ ಕೇಳುವುದಿಲ್ಲ. ಚಪ್ಪಲಿ ಬಾಗಿಲಾಚೆ ಬಿಟ್ಟು, ಹೆಗಲ ಚೀಲದಿಂದ ಚಾಪೆ ತೆಗೆದು ಮಲಗುವ ಕೋಣೆಯಲ್ಲಿ ಹಾಸಿ, ಕನ್ನಡಕವನ್ನು ಎದೆಯ ಮೇಲಿಟ್ಟುಕೊಂಡು ಅಡ್ಡಾಗಿಬಿಡುತ್ತಾರೆ.

"ಕಾಗದಪತ್ರ ನೋಡಾಕ ವಕೀಲ ಅದಾನ. ಗ್ವಾಡಿ ನೋಡಾಕ ಇಂಜಿನಿಯರ್ ಅದಾನ. ನಿದ್ದಿ ನೋಡಾಕ ಯಾರದಾರ?" ಎಂಬುದು ಅವರ ಪ್ರಶ್ನೆ. ಏಜೆಂಟರು ತಾವೇ ಕಿಟಕಿ ತೆರೆದು ಕಾಯುತ್ತ ನಿಲ್ಲುತ್ತಾರೆ!

ಈ ವಿದ್ಯೆ ಅವರಿಗೆ ಪುಕ್ಕಟೆ ಬಂದದ್ದಲ್ಲ. ಮನೆ ನೋಡುವುದೆಂದರೆ ನಮ್ಮ ಮಂದಿಗೆ ರವಿವಾರದ ಕೆಲಸ. ಚರ್ಚು ಮುಗಿದಿರುತ್ತದೆ, ಎಲ್ಲರೂ ಇಸ್ತ್ರಿ ಅರಿವೆಯಲ್ಲಿರುತ್ತಾರೆ, ಹಾಗೇ ಒಂದು ಮನೆ ನೋಡಿ ಬರೋಣ ಎಂದು ಹೊರಡುವುದು. ಕಾಕಾ-ಕಾಕಿಯೂ ಹಾಗೆಯೇ ರವಿವಾರ ರವಿವಾರ ಹೋಗಿ ಲಕಮನಹಳ್ಳಿಯಲ್ಲಿ ಒಂದು ಮನೆ ಮೆಚ್ಚಿದರು. ಎಂಥ ಪ್ರಶಾಂತ ಜಾಗ! ಗುಬ್ಬಿ ಕೂಗಿದ್ದು ಕೇಳುತ್ತಿತ್ತಂತೆ. ಕೊಂಡು, ಸಾಮಾನು ಸಾಗಿಸಿ, ಪ್ರಾರ್ಥನೆ ಮಾಡಿಸಿ ಒಳಹೊಕ್ಕರು. ಸೋಮವಾರ ಬೆಳಗ್ಗೆ ಹಿಂದಿನ ಶೆಡ್ಡಿನಲ್ಲಿ ತಗಡು ಬಡಿಯುವ ಯಂತ್ರ 'ಧಡ್' ಎಂದಿತು. ಅಡುಗೆಮನೆಯ ಹಲಗೆಯಿಂದ ಅವಲಕ್ಕಿ ಡಬ್ಬಿ ಕೆಳಗೆ ಬಿತ್ತು. ಎತ್ತಿಡುವಷ್ಟರಲ್ಲಿ ಇನ್ನೊಮ್ಮೆ ಧಡ್! ಸುತ್ತ ಕಾರ್ಖಾನೆಗಳಿರುವ ಜಾಗದಲ್ಲಿ ರವಿವಾರ ಗುಬ್ಬಿ ಕೂಗದೆ ಇನ್ನೇನು ಕೂಗುತ್ತದೆ?

ಕಾಕಾನದು ಆಗ ರಾತ್ರಿ ಪಾಳಿ. ಅವರು ಬೆಳಗ್ಗೆ ಬಂದು ಮಲಗುವುದಕ್ಕೂ ಯಂತ್ರ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ಕಾಕಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ಶೆಡ್ಡಿನ ಗೇಟಿಗೆ ಹೋಗಿ, "ಅಣ್ಣಾರ, ಒಂಚೂರು ಸಾವಕಾಶ ಬಡೀರಿ. ನಮ್ಮನ್ಯಾಗ ಮಕ್ಕೊಂಡಾರ" ಎಂದು ಹೇಳಿ ಬಂದರು. ಸಾವಕಾಶ ಬಡಿಯುವುದನ್ನು ಆ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಕಾಕಿಯ ಆ ಮಾತನ್ನು ಹೇಳಿಕೊಂಡು ನಮ್ಮ ಮನೆತನದವರು ಇವತ್ತಿಗೂ ನಗುತ್ತೇವೆ. ಕಾಕಾ-ಕಾಕಿ ಈಗಲೂ ಅಲ್ಲೇ ಇದ್ದಾರೆ, ಯಂತ್ರವೂ ಇದೆ.

ಇಂಥ ಕಾಕಾನ ಕೈಗೆ ನಾನು ಸಿಕ್ಕಿಬಿದ್ದೆ. ನಾನು ಆಸ್ಪತ್ರೆಯಲ್ಲಿ ನರ್ಸು, ಬಹುಪಾಲು ರಾತ್ರಿ ಡ್ಯೂಟಿ. ಕೇಶ್ವಾಪುರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೇ ಹಿಟ್ಟಿನ ಗಿರಣಿ. ನಾನು ಬಂದು ಕಣ್ಣು ಮುಚ್ಚುವುದೇ ತಡ, ಕೆಳಗೆ ಯಾರದೋ ಜೋಳ ಬೀಸಲು ಶುರು. ಹೀಗೇ ನಿದ್ದೆ ಕೆಟ್ಟು ಕೆಟ್ಟು, ಒಂದು ರಾತ್ರಿ ವಾರ್ಡಿನಲ್ಲಿ ಔಷಧದ ಚೀಟಿಯ ಅಕ್ಷರಗಳು ಕಣ್ಣ ಮುಂದೆ ತೇಲತೊಡಗಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮರುದಿನ ಗಂಡನಿಗೆ ಹೇಳಿದೆ, "ಸ್ವಂತ ಮನಿ ನೋಡೂಣು. ಇಲ್ಲಂದ್ರ ನಾನು ಕೆಲಸ ಬಿಡ್ತೇನಿ." ಕೆಲಸ ಬಿಡುವುದೆಂದರೆ ನನಗೆ ಜೀವ ಬಿಟ್ಟಂತೆಯೇ. ಅದು ಅವರಿಗೂ ಗೊತ್ತಿತ್ತು.

ಸುದ್ದಿ ಕೇಳಿದ್ದೇ ಕಾಕಾ ಚಾಪೆಯೊಂದಿಗೆ ಹಾಜರ್! ಬೇರೆಯವರ ಮನೆಗಳಿಗಾದರೆ ಮಧ್ಯಾಹ್ನ ಊಟ ಮುಗಿಸಿ ಹೋಗುವವರು, ನನ್ನ ವಿಷಯದಲ್ಲಿ ಮಾತ್ರ, "ವಾರದ ದಿವಸ, ಮುಂಜಾನಿ ಹತ್ತಕ್ಕನ ಹೋಗಬೇಕು" ಎಂದು ಹಟ ಹಿಡಿದರು. ಬರುವಾಗ ಕಣ್ಣು ಕೆಂಪಗೆ, ಬಾಯಿ ತುಂಬ ಆಕಳಿಕೆ. ಬೆಳಗ್ಗೆ ಹತ್ತಕ್ಕೂ ನಿದ್ದೆಯೇ? ವಯಸ್ಸಾದಂತೆ ಸೋಮಾರಿತನವೂ ಬಲಿಯಿತು ಎಂದು ನಾವು ಗಂಡ-ಹೆಂಡತಿ ಮುಸಿಮುಸಿ ನಕ್ಕೆವು.

ಮೊದಲನೆಯದು ಹೊಸದಾಗಿ ಬಣ್ಣ ಬಳಿದ ಫ್ಲ್ಯಾಟು. ಕನ್ನಡಿ ಹಚ್ಚಿದ ಕಪಾಟು ನೋಡಿ ನಾನು ಅರ್ಧ ಸೋತಿದ್ದೆ. ಕಾಕಾ ಮಲಗಿದರು. ಮಲಗಿದ್ದಲ್ಲಿಂದಲೇ ಚಾವಣಿಯತ್ತ ಬೆರಳೆತ್ತಿದರು.

"ತಮ್ಮಾ, ಆ ಮೂಲ್ಯಾಗ ಅಷ್ಟ ಯಾಕ ಎರಡ ಸಲ ಬಣ್ಣ ಹಚ್ಚೀರಿ?"

"ಅಂದ ಕಾಣಲಿ ಅಂತ್ರೀ ಸರ್," ಎಂದ ಏಜೆಂಟ್.

"ಮಳಿಗಾಲದಾಗ ಇನ್ನೂ ಅಂದ ಕಾಣತೈತಿ ಬಿಡು. ನೀರಿನ ಚಿತ್ರ ಮೂಡತೈತಿ!"

ನಿಂತು ನೋಡಿದ ನಮಗೆ ಕಾಣದ ಒಸರು, ಮಲಗಿದವರಿಗೆ ಕಂಡಿತ್ತು.

ಎರಡನೆಯ ಮನೆಯಲ್ಲಿ ಮಾಲೀಕರು ಇನ್ನೂ ವಾಸವಾಗಿದ್ದರು. ಅಣ್ಣ-ತಮ್ಮ ಇಬ್ಬರೂ ಭಾರಿ ಮರ್ಯಾದೆಯಿಂದ ಚಹಾ ಕೊಟ್ಟರು. ಕಾಕಾ ಮಾತ್ರ ಒಳಗಿನ ಖೋಲಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಚಾಪೆ ಸುತ್ತುತ್ತ, "ನಿಮ್ಮ ತಂಗಿ ಸಹಿ ಮಾಡಾಕ ಒಪ್ಪಿದ ಮ್ಯಾಲ ಹೇಳ್ರಿ, ಮತ್ತ ಬರ್ತೇವಿ" ಎಂದರು. ಅಣ್ಣ-ತಮ್ಮಂದಿರ ಮುಖ ಸುಣ್ಣ! ತಂಗಿಗೂ ಆ ಮನೆಯಲ್ಲಿ ಪಾಲಿತ್ತು, ಆಕೆ ಮಾರಲು ಒಪ್ಪಿರಲಿಲ್ಲ. ಮುದುಕ ಮಲಗಿದ್ದಾನೆಂದು ಪಕ್ಕದ ಅಡುಗೆಮನೆಯಲ್ಲಿ ಹೆಂಗಸರು ಅದನ್ನೇ ಪಿಸುಗುಟ್ಟುತ್ತಿದ್ದರಂತೆ.

"ಹಂಗಾದ್ರ ಆ ಗೊರಕಿ?" ಎಂದು ದಾರಿಯಲ್ಲಿ ಕೇಳಿದೆ.

"ಗೊರಕಿ ಹೊಡೀಲಿಲ್ಲಂದ್ರ ಅವರು ಮಾತಾಡ್ತಿದ್ರೇನವಾ?"

ಇಷ್ಟರವರೆಗೆ ಎಲ್ಲವೂ ತಮಾಷೆಯೇ. ಮೂರನೆಯ ಮನೆ ನಾನು ಮನಸ್ಸಾರೆ ಮೆಚ್ಚಿದ್ದು. ತಲೆಬಾಗಿಲಿಗೆ ಮಲ್ಲಿಗೆ ಬಳ್ಳಿ, ಗಾಳಿ ಬೆಳಕು ಎಲ್ಲ ಇತ್ತು. ನಮ್ಮ ವಕೀಲರು ಕಾಗದಪತ್ರ ನೋಡಿ ಸೈ ಎಂದಿದ್ದರು, ಬ್ಯಾಂಕಿನವರೂ ಹೂಂ ಎಂದಿದ್ದರು. ಕಾಕಾ ಮಲಗಿ, ಹೊರಳಾಡಿ, ಎದ್ದು ಕೂತರು. "ಬ್ಯಾಡವಾ. ಹಿತ್ತಲ ಕಡೆ ಯಾರೋ ಕಬ್ಬಿಣ ಕೊಯ್ಯಾಕತ್ತಾರ."

ನನಗೆ ತಡೆಯಲಾಗಲಿಲ್ಲ. "ನಿಮಗ ನಿದ್ದಿ ಬರಲಿಲ್ಲಂದ್ರ ನಾ ಮನಿ ತಗೋಬಾರದೇನ್ರಿ ಕಾಕಾ? ಮನಿ ಯಾರಿಗೆ, ನಿಮಗೋ ನನಗೋ?"

ಕಾಕಾ ಚಾಪೆ ಮಡಚಿ ಚೀಲಕ್ಕೆ ತುರುಕಿದರು. ತುರುಕುವಾಗ ಅವರ ಕೈ ನಡುಗುತ್ತಿತ್ತು. ಶುಗರ್ ಇರಬೇಕು ಎಂದುಕೊಂಡೆ, ನರ್ಸಲ್ಲವೇ! ಆದರೆ ಆ ಮನೆಗೆ ಮುಂಗಡ ಕೊಡಲು ಯಾಕೋ ನನಗೆ ಮನಸ್ಸಾಗಲಿಲ್ಲ.

ಮುನಿಸಿಕೊಂಡಿರಬಹುದು, ಇನ್ನು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಹದಿನೈದು ದಿನ ಬಿಟ್ಟು ಅವರೇ ಫೋನ್ ಮಾಡಿ, ಧಾರವಾಡದ ಒಂದು ಓಣಿಯ ಹಳೆಯ ಮನೆಗೆ ಕರೆಸಿದರು. ಸಣ್ಣ ಅಡುಗೆಮನೆ, ಕಾರು ನಿಲ್ಲಿಸಲು ಜಾಗವಿಲ್ಲ, ಹಿತ್ತಲಲ್ಲಿ ಒಂದು ಪೇರಲ ಗಿಡ. ನನ್ನ ಮೂತಿ ಸೊಟ್ಟಗಾಯಿತು. ಕಾಕಾ ಮಲಗಿದರು. ಹನ್ನೊಂದಾಯಿತು, ಹನ್ನೆರಡಾಯಿತು, ಏಳಲೇ ಇಲ್ಲ! ಏಜೆಂಟ್ ಬೆವರತೊಡಗಿದ.

"ಮೇಡಂ, ಸರ್ ಉಸರಾಡಾಕತ್ತಾರಿಲ್ಲೋ ಒಂದೀಟು ನೋಡ್ರಿ. ಇಲ್ಲೇ ಏನರ ಹೆಚ್ಚುಕಮ್ಮಿ ಆದ್ರ ಈ ಮನಿ ಮುಂದ ಯಾರೂ ತಗೊಳ್ಳೂದಿಲ್ಲ!"

ನಾನು ನಾಡಿ ಹಿಡಿದು ನೋಡಿದೆ. ಮಗುವಿನಂತೆ ಮಲಗಿದ್ದರು. ಊಟದ ಹೊತ್ತು ಮೀರಿದ ಮೇಲೆ ಕಣ್ಣು ಬಿಟ್ಟು, ನನ್ನನ್ನು ನೋಡಿ, "ತಗೋ" ಎಂದರು. ಅಷ್ಟೇ. ತಗೊಂಡೆವು.

ಹೊಸ ಮನೆಯ ಪ್ರಾರ್ಥನೆಯ ದಿನ ಪಲಾವು ಬಡಿಸಲು ತಟ್ಟೆ ಒರೆಸುತ್ತ, ಕಾಕಾನ ನಿದ್ದೆಯ ಕತೆಗಳನ್ನು ಹೇಳಿ ನೆಂಟರನ್ನೆಲ್ಲ ನಗಿಸುತ್ತಿದ್ದೆ. ಕಾಕಿಯೂ ನಕ್ಕರು. ಆಮೇಲೆ ನನ್ನನ್ನು ಒಂದು ಬದಿಗೆ ಕರೆದು ಮೆಲ್ಲಗೆ ಹೇಳಿದರು.

"ನಿನ್ನ ಮನಿ ನೋಡಾಕ ಹೋಗೂ ಹಿಂದಿನ ರಾತ್ರಿ ಅವರು ಒಮ್ಮೆನೂ ಮಕ್ಕೊಂಡಿಲ್ಲವಾ. ಕುರ್ಚಿ ಮ್ಯಾಲ ಕುಂತ ಬೆಳಕ ಹರಸ್ತಿದ್ರು. ಯಾಕ್ರೀ, ಈ ವಯಸ್ಸಿನಾಗ ಅಂದ್ರ, 'ಅಕಿ ರಾತ್ರಿಯೆಲ್ಲಾ ಎದ್ದಿದ್ದು ಬಂದು ಮಕ್ಕೊಳ್ಳಾಕಿ. ದಣದು ಬಂದವರಿಗೆ ನಿದ್ದಿ ಲಗೂ ಹತ್ತತೈತಿ, ಆದ್ರ ಅದು ಉಳೀಬೇಕಲ್ಲ? ರಾತ್ರಿ ಸುಖದಾಗ ಮಕ್ಕೊಂಡಂವಗ ಅದು ಹೆಂಗ ಗೊತ್ತಾಗತೈತಿ' ಅಂತಿದ್ರು."

ಕೈಯಲ್ಲಿದ್ದ ತಟ್ಟೆ ಹಾಗೇ ಉಳಿಯಿತು. ಆ ಕೆಂಪು ಕಣ್ಣು, ಆ ಆಕಳಿಕೆ, ಚಾಪೆ ತುರುಕುವಾಗ ನಡುಗಿದ ಕೈ ಎಲ್ಲ ಕಣ್ಣ ಮುಂದೆ ಬಂದವು. ನನಗಾಗಿ ನನ್ನ ದಣಿವನ್ನೇ ಹೊತ್ತುಕೊಂಡು ಮನೆ ಮನೆ ತಿರುಗಿದ ಮನುಷ್ಯ ಅವರು. ನನಗೆ ಅಳು ತಡೆಯಲಾಗಲಿಲ್ಲ.

ಕಾಕಾನನ್ನು ಹುಡುಕಿಕೊಂಡು ಹೋದೆ. ಪಡಸಾಲೆಯಲ್ಲಿರಲಿಲ್ಲ, ಹಿತ್ತಲಲ್ಲೂ ಇರಲಿಲ್ಲ. ಮಲಗುವ ಕೋಣೆಯಲ್ಲಿ, ಹೊಸ ಮಂಚ ಬಿಟ್ಟು, ನೆಲದ ಮೇಲೆ ಅದೇ ಚಾಪೆ ಹಾಸಿಕೊಂಡು, ಎದೆಯ ಮೇಲೆ ಕನ್ನಡಕವಿಟ್ಟುಕೊಂಡು ನಿದ್ದೆ ಹೋಗಿದ್ದರು. ಕಿಟಕಿಯಾಚೆ ಪೇರಲ ಗಿಡದಲ್ಲಿ ಗುಬ್ಬಿ ಕೂಗುತ್ತಿತ್ತು. ಅವತ್ತು ರವಿವಾರವಾಗಿರಲಿಲ್ಲ.

ಪಡಸಾಲೆಯಲ್ಲಿ ನೆಂಟರ ಮಾತು, ನಗು, ತಟ್ಟೆಗಳ ಸಪ್ಪಳ ಜೋರಾಗುತ್ತಿತ್ತು. ನಾನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೊರಗೆ ಬಂದೆ.

"ಒಂಚೂರು ಸಾವಕಾಶ ಮಾತಾಡ್ರಿ," ಎಂದೆ. "ನಮ್ಮನ್ಯಾಗ ಮಕ್ಕೊಂಡಾರ."