ತಕ್ಕಡಿ ಸಾಹೇಬರ ಕೆಂಪು ಚುಕ್ಕೆ

ತಮ್ಮ ಮನೆಯಲ್ಲಿ ತಮಗೆ ಹೇಳದೆ ಕೇಳದೆ ಯಾರೋ ಕರೆಂಟ್ ತಿನ್ನುತ್ತಿದ್ದಾರೆ ಎಂಬ ಸಂಗತಿ ತಕ್ಕಡಿ ಸಾಹೇಬರಿಗೆ ಗೊತ್ತಾದದ್ದು ಕ್ಷೌರದಂಗಡಿಯಲ್ಲಿ. ಸರದಿಗಾಗಿ ಕಾಯುತ್ತ ಕೂತಿದ್ದಾಗ ಕೈಗೆ ಸಿಕ್ಕಿದ ಹಳೆಯ ವಾರಪತ್ರಿಕೆಯಲ್ಲಿ ಹಾಗೆಂದು ಬರೆದಿತ್ತು. ಟಿ.ವಿ. ಆರಿಸಿದರೂ ಅದು ಒಳಗೊಳಗೇ ಎಚ್ಚರವಾಗಿರುತ್ತದಂತೆ. ಫೋನ್ ತೆಗೆದರೂ ಚಾರ್ಜರ್ ಸುಮ್ಮನಿರುವುದಿಲ್ಲವಂತೆ. ಮನೆಮಂದಿಯೆಲ್ಲ ಬೀಗ ಹಾಕಿ ಹೊರಗೆ ಹೋದಾಗಲೂ ಮನೆ ಮಾತ್ರ ಗುಟುಕು ಗುಟುಕಾಗಿ ಕರೆಂಟ್ ಕುಡಿಯುತ್ತಲೇ ಇರುತ್ತದಂತೆ. ಸಾಹೇಬರು ಕ್ಷೌರ ಮಾಡಿಸಿಕೊಳ್ಳದೆ ಎದ್ದು ಮನೆಗೆ ಬಂದರು.

ಸಾಹೇಬರೆಂದರೆ ಯಾರೆಂದು ಹೇಳಿಬಿಡಬೇಕು. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೂ ಹೋಗಿ ತಕ್ಕಡಿ, ಬಟ್ಟು, ಲೀಟರುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಜಪ್ತಿ ಮಾಡುವುದು ಅವರ ಕಾಯಕ. ಬೀದಿಯ ತುದಿಯಲ್ಲಿ ಅವರ ಸ್ಕೂಟರ್ ಕಾಣಿಸಿತೆಂದರೆ ತರಕಾರಿಯವನು ತಟ್ಟೆಯ ಅಡಿಯಿಂದ ಏನನ್ನೋ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. (ಏನೆಂದು ನಾವು ಕೇಳುವುದು ಬೇಡ, ಸಾಹೇಬರು ಕೇಳುತ್ತಾರೆ.) ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರ ಅಳತೆ ಒಂದು ಸಲವೂ ತಪ್ಪಿರಲಿಲ್ಲ. ಹೀಗೆಂದು ಅವರೇ ಹೇಳುತ್ತಿದ್ದರು, ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

"ನಮ್ಮ ಮನೇಲಿ ಕಳ್ಳತನ ನಡೀತಿದೆ," ಎಂದರು ಹೊಸಿಲು ದಾಟುತ್ತಲೇ.

ಅವರ ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಆರ್ಡರಿನ ಮೇಲೆ ಕೊಡುವವರು. ಕ್ರೀಮ್ ಕಲಕುತ್ತಿದ್ದ ಕೈ ನಿಲ್ಲಿಸಲಿಲ್ಲ. "ಏನು ಹೋಗಿದೆ?"

"ಕರೆಂಟು."

"ಬೆಳಗ್ಗೆ ಹೋಗಿತ್ತು. ಆಗಲೇ ಬಂತಲ್ಲ?"

ಇಂಥವರ ಜೊತೆ ಸಂಸಾರ ಮಾಡಿಕೊಂಡು ತಾವು ಇಷ್ಟು ದೂರ ಬಂದದ್ದೇ ದೊಡ್ಡದು ಎಂದುಕೊಂಡು ಸಾಹೇಬರು ಸ್ಟೂಲು, ಗಡಿಯಾರ ಮತ್ತು ಒಂದು ನೋಟ್‌ಪುಸ್ತಕ ಎತ್ತಿಕೊಂಡು ಮೆಟ್ಟಿಲ ಬುಡಕ್ಕೆ ಹೋದರು.

ಮೆಟ್ಟಿಲ ಬುಡದಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಒಂದರ ಕೆಳಗೊಂದು ಎರಡು ಮೀಟರು. ಕಳೆದ ವರ್ಷ ಸುಣ್ಣ ಬಳಿದವನು ಉತ್ಸಾಹದಲ್ಲಿ ಮನೆ ನಂಬರುಗಳ ಮೇಲೂ ಬಳಿದುಬಿಟ್ಟಿದ್ದ. ಅದರಿಂದೇನು? ಸಾಹೇಬರದು ಕೆಳಗಿನ ಮನೆ. ಮೇಲಿನ ಮನೆಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳೇ ಬಾಡಿಗೆಗಿದ್ದಳು. ಸಾಹೇಬರು ಕೆಳಗಿನ ಮೀಟರಿನ ಮುಂದೆ ಸ್ಟೂಲ್ ಹಾಕಿ ಕೂತರು.

ಮೀಟರಿನ ಮೂತಿಯ ಮೇಲೆ ಒಂದು ಕೆಂಪು ಚುಕ್ಕೆ. ಕರೆಂಟ್ ಹೆಚ್ಚು ಖರ್ಚಾದಷ್ಟೂ ಅದು ಬೇಗ ಬೇಗ ಮಿನುಗುತ್ತದೆ, ಏನೂ ಖರ್ಚಾಗದಿದ್ದರೆ ಮಿನುಗುವುದೇ ಇಲ್ಲ. ನಿಮಿಷಕ್ಕೆ ಎಷ್ಟು ಸಲ ಎಂದು ಸಾಹೇಬರು ಎಣಿಸಿ ಗಟ್ಟಿಯಾಗಿ ಕೂಗುವುದು (ಅಂಗಡಿಗಳಲ್ಲಿ ಗುಮಾಸ್ತನಿಗೆ ಕೂಗಿ ಕೂಗಿ ಅಭ್ಯಾಸ), ಹೆಂಡತಿ ಕೇಳಿಸಿಕೊಂಡು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಎಂದು ವ್ಯವಸ್ಥೆಯಾಯಿತು. ಎರಡು ಕಡೆ ದಾಖಲೆ ಇರಬೇಕೆಂಬುದು ಇಲಾಖೆಯ ನಿಯಮ.

ಮೊದಲು ದೀಪ, ಫ್ಯಾನು ಎಲ್ಲ ಆರಿಸಿ ನೋಡಿದರು.

"ಏಳು!"

ಟಿ.ವಿ. ಪ್ಲಗ್ ಕಿತ್ತರು. ಏಳು. ಇಂಟರ್‌ನೆಟ್ಟಿನ ಡಬ್ಬಿ ಕಿತ್ತರು. ಏಳು. ನೀರು ಶುದ್ಧ ಮಾಡುವ ಯಂತ್ರ, ವಾಷಿಂಗ್ ಮಷೀನು, ಮಂಚದ ಹಿಂದೆ ಹನ್ನೊಂದು ತಿಂಗಳಿಂದ ಯಾರಿಗೂ ಬೇಡವಾಗಿ ನೇತಾಡುತ್ತಿದ್ದ ಚಾರ್ಜರು, ಒಂದೊಂದನ್ನೂ ಕಿತ್ತು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಚೀಟಿ ಅಂಟಿಸಿದರು. ಚುಕ್ಕೆ ಮಾತ್ರ ಏಳಕ್ಕೆ ಏಳೇ.

"ಒಂದ್ಸಲ ಮೇನ್ ಸ್ವಿಚ್ ಆಫ್ ಮಾಡಿ ನೋಡಿ," ಎಂದರು ಹೆಂಡತಿ.

"ಮಾರ್ಕೆಟ್ಟಿಗೇ ಬೀಗ ಹಾಕಿದ್ರೆ ಯಾವ ತಕ್ಕಡಿ ಸುಳ್ಳು ಹೇಳ್ತಿದೆ ಅಂತ ಗೊತ್ತಾಗೋದು ಹೇಗೆ? ನಿನಗೆ ತನಿಖೆ ಅಂದ್ರೇನು ಅಂತ ಗೊತ್ತಿಲ್ಲ, ಸುಮ್ನಿರು."

ಇನ್ನು ಉಳಿದದ್ದು ಫ್ರಿಜ್ ಒಂದೇ. ಅದರ ಕಡೆ ಸಾಹೇಬರು ತಿರುಗಿದ್ದೇ ಹೆಂಡತಿ ಕ್ರೀಮಿನ ಬಟ್ಟಲು ಕೆಳಗಿಟ್ಟು ಅಡ್ಡ ನಿಂತರು. ಅದು ಅವರ ಮೊದಲ ವರ್ಷದ ಕೇಕುಗಳ ಸಂಪಾದನೆಯಲ್ಲಿ ಕೊಂಡದ್ದು. ಹಳೆಯದು, ಆಗಾಗ ಗುಡುಗುತ್ತಿತ್ತು, ಆದರೂ ಕ್ರೀಮನ್ನು ಕಲ್ಲಿನ ಹಾಗೆ ನಿಲ್ಲಿಸುತ್ತಿತ್ತು. ಅದು ಹೋದರೆ ಕೇಕೂ ಹೋಯಿತು, ಆರ್ಡರೂ ಹೋಯಿತು, ಅವರದು ಅಂತ ಈ ಮನೆಯಲ್ಲಿ ಇದ್ದ ಒಂದು ಕೆಲಸವೂ ಹೋಯಿತು.

"ಬರೀ ಅಳತೆ ಕಣೇ. ನಾನೇನು ಅದನ್ನ ತಿಂತೀನಾ?"

ಮಧ್ಯಾಹ್ನ ಒಂದೂವರೆಗೆ ಸಾಹೇಬರು ಫ್ರಿಜ್ಜಿನ ಪ್ಲಗ್ ಕಿತ್ತು ಸ್ಟೂಲಿಗೆ ಓಡಿದರು. ಅದೇ ಹೊತ್ತಿಗೆ ಮೇಲಿನ ಮನೆಯ ನರ್ಸ್ ಬಾಗಿಲಿಗೆ ಬೀಗ ಜಡಿದು ಡ್ಯೂಟಿಗೆ ಹೊರಟು ಮೆಟ್ಟಿಲಿಳಿದು ಬಂದಳು.

"ಏನ್ ಸಾರ್, ಇಲ್ಲಿ ಕೂತಿದೀರಿ?"

"ಶ್‌ಶ್!"

ಅವಳು ತುದಿಗಾಲಲ್ಲಿ ದಾಟಿಕೊಂಡು ಹೋದಳು. ಸಾಹೇಬರು ಎಣಿಸಿದರು. ಇಡೀ ನಿಮಿಷಕ್ಕೆ ಚುಕ್ಕೆ ಒಂದೇ ಸಲ ಮಿನುಗಿತು. ಇನ್ನೊಮ್ಮೆ ಎಣಿಸಿದರು. ಒಂದು. ಮೂರು ಸಲ ಅಳೆಯಬೇಕೆಂಬ ನಿಯಮವಿರುವುದರಿಂದ ಮೂರನೆಯ ಸಲವೂ ಎಣಿಸಿದರು. ಒಂದೇ.

"ಸಿಕ್ಕಿಬಿದ್ದ!" ಎಂದು ಅವರು ಕೂಗಿದ್ದು ಬೀದಿಗೆ ಕೇಳಿಸಿತು.

"ಮತ್ತೆ ಪ್ಲಗ್ ಹಾಕಿ ನೋಡಿ, ಏರುತ್ತೋ ಇಲ್ವೋ," ಎಂದರು ಹೆಂಡತಿ.

"ಸಿಕ್ಕಿದ ಕಳ್ಳನ್ನ ಬಿಟ್ಟು ಮತ್ತೆ ಹಿಡಿಯೋದುಂಟೇನೇ?"

ಹೆಂಡತಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅಳಲಿಲ್ಲ. "ಬುಧವಾರ ಹಲ್ಲಿನ ಡಾಕ್ಟರ ಮಗಳ ಮದುವೆ. ಮೂರಂತಸ್ತಿನ ಕೇಕು ಒಪ್ಕೊಂಡಿದೀನಿ. ಎಲ್ಲಿಡ್ಲಿ, ನಿಮ್ಮ ತಲೆ ಮೇಲಾ?"

ಸಾಹೇಬರು ಜಪ್ತಿ ಚೀಟಿಗೆ ರುಜು ಹಾಕುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

ಸಂಗತಿ ಕೇಳಿದ ನರ್ಸ್ ಮಾರನೆಯ ದಿನವೇ, "ಅದಕ್ಕ್ಯಾಕೆ ಅಕ್ಕ ಅಷ್ಟು ಯೋಚ್ನೆ? ನಮ್ಮನೇಲಿಡಿ. ನಂದು ಅಂತ ಒಂದು ಫ್ರಿಜ್ಜೂ ಇಲ್ಲ," ಎಂದಳು. ತರಕಾರಿ ಅಂಗಡಿಯ ಇಬ್ಬರು ಹಮಾಲರು ಬಂದು, ಸಾಹೇಬರ ಮುಖ ನೋಡದೆ, ಫ್ರಿಜ್ಜನ್ನು ಹೊತ್ತು ಮೇಲಕ್ಕೆ ಸಾಗಿಸಿದರು. ಅದರ ಹಿಂದೆ ಬಟ್ಟಲು, ಅಚ್ಚು, ಮಿಕ್ಸರು, ಕೊನೆಗೆ ಕ್ಯಾಲೆಂಡರು ಕೈಯಲ್ಲಿ ಹಿಡಿದು ಹೆಂಡತಿ ಕೂಡ ಮೇಲೆ ಹೋದರು.

ಮಂಗಳವಾರ ಬೆಳಗ್ಗೆ ಸಾಹೇಬರು ಗೆದ್ದವರ ಠೀವಿಯಲ್ಲಿ ಸ್ಟೂಲಿನ ಮೇಲೆ ಕೂತರು. ಎಣಿಸಿದರು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದರು.

"ಹನ್ನೆರಡು?"

ಮೇಲಿನಿಂದ ಹೆಂಡತಿ, "ಹನ್ನೆರಡಾ?" ಎಂದರು.

"ಹನ್ನೆರಡು!"

ಮೇಲೆ ಏನೋ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಏಳಕ್ಕಿಳಿಯಿತು, ಮತ್ತೆ ಹನ್ನೆರಡಕ್ಕೇರಿತು, ಮತ್ತೆ ಇಳಿಯಿತು. ಸಾಹೇಬರು ಒಂದೊಂದನ್ನೂ ಕೂಗುತ್ತ ಹೋದರು. ಫ್ರಿಜ್ಜೇ ಇಲ್ಲದ ಮನೆಯಲ್ಲಿ ಕರೆಂಟ್ ಹೆಚ್ಚಾಗುವುದೆಂದರೇನು? ಅವರ ತಲೆ ಗಿರ್ರೆಂದಿತು.

ಅಂದಿನಿಂದ ಕೆಳಗಿನ ಮನೆಗೆ ಕೆಟ್ಟ ಕಾಲ ಶುರುವಾಯಿತು. ಸಾಹೇಬರು ಬಲ್ಬುಗಳನ್ನೇ ಬಿಚ್ಚಿ ರಟ್ಟಿನ ಡಬ್ಬಿಗೆ ತುಂಬಿದರು. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಆಫೀಸಿಗೆ ಹೋದರು. ತಣ್ಣೀರಲ್ಲಿ ಮಿಂದು ಮೂಗು ಸೋರಿಸಿಕೊಂಡರು. ಒಂದು ಗುರುವಾರ ಬೆಳಗ್ಗೆ ಆರೂಮುಕ್ಕಾಲಿಗೆ ಚುಕ್ಕೆ ಎಣಿಸಲಾಗದ ಹಾಗೆ ಪಟಪಟನೆ ಹೊಡೆದುಕೊಳ್ಳತೊಡಗಿದಾಗ "ಕಳ್ಳ, ಕಳ್ಳ!" ಎಂದು ಕೂಗಿದರು, ಅವರ ಸಂಶಯ ಕೊನೆಗೂ ಹೆಂಡತಿಯ ಕಡೆಗೇ ತಿರುಗಿತು.

"ನಿಜ ಹೇಳು. ಆರೂಮುಕ್ಕಾಲಿಗೆ ಎಲ್ಲಿದ್ದೆ?"

"ನಿಮ್ಮ ಪಕ್ಕದಲ್ಲೇ. ಟಾರ್ಚ್ ಹಿಡ್ಕೊಂಡು ನಿಂತಿದ್ದೆನಲ್ರೀ."

ಹೆಂಡತಿ ಬೆಳಗ್ಗೆ ಹಾಗೆ ಟಾರ್ಚ್ ಹಿಡಿದು, ಡಬ್ಬಿಗೆ ಬುತ್ತಿ ಹಾಕಿಕೊಟ್ಟು ಮೇಲೆ ಹೋದರೆ ಇಳಿದು ಬರುವುದು ಮಲಗುವ ಹೊತ್ತಿಗೇ. ಮೂರಂತಸ್ತಿನ ಕೇಕು ಮೆಚ್ಚಿಕೆಯಾಗಿ ಇನ್ನೂ ನಾಲ್ಕು ಆರ್ಡರು ಬಂದಿದ್ದವು. ಸಾಹೇಬರು ಸಂಜೆ ಮೇಲಿನ ಮನೆಯ ನಗು ಕೇಳುತ್ತ, ಕತ್ತಲ ಕೋಣೆಯಲ್ಲಿ ಬ್ರೆಡ್ಡು ಕಚ್ಚುತ್ತ ಯೋಚಿಸಿದರು. ಮನೆಯಲ್ಲಿ ತಿನ್ನುವವರು ಯಾರೂ ಇಲ್ಲ, ಲೆಕ್ಕ ಮಾತ್ರ ಏರುತ್ತಿದೆ. ಅಂದರೆ ಮೀಟರೇ ಸುಳ್ಳು. ತೂಕದ ಇನ್ಸ್‌ಪೆಕ್ಟರ ಮನೆಯಲ್ಲೇ ಸುಳ್ಳು ಮೀಟರು! ಹದಿನೈದು ದಿನದ ದಾಖಲೆ ಲಗತ್ತಿಸಿ ವಿದ್ಯುತ್ ಕಚೇರಿಗೆ ನಾಲ್ಕು ಪುಟದ ದೂರು ಬರೆದರು. 'ಸದರಿ ಮಾಪಕವು ದುರುದ್ದೇಶದಿಂದ ವರ್ತಿಸುತ್ತಿದ್ದು' ಎಂಬ ವಾಕ್ಯ ಅವರಿಗೇ ಬಹಳ ಹಿಡಿಸಿತು.

ಮುಂದಿನ ಭಾನುವಾರ ಮೀಟರ್ ಪರೀಕ್ಷಿಸುವವನು ಬಂದ. ಚೀಲ ಹೆಗಲಿಗೆ ಹಾಕಿಕೊಂಡ ಸಣಕಲು ಮನುಷ್ಯ, ಬಾಯಲ್ಲಿ ಲವಂಗ. ಸಾಹೇಬರು ನೋಟ್‌ಪುಸ್ತಕ ಬಿಡಿಸಿ ಹಿಡಿದು ಕೆಳಗಿನ ಮೀಟರಿನತ್ತ ಬೆರಳು ತೋರಿಸಿ, "ಇವನೇ," ಎಂದರು.

ಅವನು ಒಮ್ಮೆ ಮೀಟರ್ ನೋಡಿದ, ಒಮ್ಮೆ ದೂರಿನಲ್ಲಿದ್ದ ನಂಬರ್ ನೋಡಿದ, ಕೊನೆಗೆ ಸಾಹೇಬರನ್ನು ನೋಡಿದ.

"ಸಾರ್, ಇದು ಮೇಲ್ಗಡೆ ಮನೇದು."

"ಕೆಳಗಿರೋದು ಮೇಲಿನ ಮನೇದು ಹೇಗಾಗುತ್ತಯ್ಯಾ?"

"ಕೆಳಗಿನ ಮನೆ ಮೊದಲು ಕಟ್ಟಿದ್ದಲ್ವಾ ಸಾರ್? ಅದರ ಮೀಟರ್ ಮೊದಲು ಬಂತು, ಮೇಲೆ ಹಾಕಿದ್ರು. ಆಮೇಲೆ ಬಂದಿದ್ದು ಕೆಳಗೆ. ನಿಮ್ದು ಇದು." ಅವನು ಮೇಲಿನ ಮೀಟರಿನ ಗಾಜನ್ನು ಬೆರಳಿನಿಂದ ಒರೆಸಿದ. ಚುಕ್ಕೆ ಮಿನುಗಲಿಲ್ಲ. ಒಂದು ನಿಮಿಷ ಕಾದರು. ಮಿನುಗಲೇ ಇಲ್ಲ. "ಇದೇನ್ ಸಾರ್, ಮನೇಲಿ ಯಾರೂ ವಾಸ ಇಲ್ವಾ?"

ಸಾಹೇಬರು ನೋಟ್‌ಪುಸ್ತಕ ಮುಚ್ಚಿದರು. ಅವನು ಲವಂಗ ಜಗಿಯುತ್ತ, ಈ ಸಂಗತಿಯನ್ನು ಯಾರಿಗೆಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತ ಹೊರಟುಹೋದ.

ಹೆಂಡತಿಗೆ ಹೇಳದೆ ಇದ್ದುಬಿಡಬಹುದಿತ್ತು. ಒಂದು ಮೆಟ್ಟಿಲು ಹತ್ತಿ ಸಾಹೇಬರು ಅದನ್ನೇ ಯೋಚಿಸುತ್ತ ನಿಂತರು. ಆದರೆ ಯಾವ ಸಾಕ್ಷಿಯೂ ಇಲ್ಲದೆ ಹೆಂಡತಿಯ ಫ್ರಿಜ್ಜನ್ನು ಹೊರಗೆ ಹಾಕಿಸಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ನಾಚಿಕೆಯಿಂದಲೇ ಉಳಿದ ಮೆಟ್ಟಿಲು ಹತ್ತಿದರು.

ಮೇಲೆ ಫ್ಯಾನ್ ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು. ನರ್ಸ್ ರಜೆಯ ಖುಷಿಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕ್ರೀಮಿನ ಚಮಚ ನೆಕ್ಕುತ್ತಿದ್ದಳು. ಹೆಂಡತಿ ಕೇಕಿನ ಸುತ್ತ ಗುಲಾಬಿ ಬಿಡಿಸುತ್ತಿದ್ದರು.

"ನೋಡೇ, ನಿನ್ನ ಫ್ರಿಜ್ ನಿರಪರಾಧಿ. ನಾನು ಇಷ್ಟು ದಿನ ನೋಡಿದ್ದು ಈ ಹುಡುಗಿ ಮೀಟರು. ತಪ್ಪಾಯ್ತು."

"ಅಯ್ಯೋ, ಹಾಗಾದ್ರೆ ಆ ಗುರುವಾರ ಬೆಳಗ್ಗೆ ನೀವು ಕಳ್ಳ, ಕಳ್ಳ ಅಂತ ಕೂಗಿದ್ದು..." ನರ್ಸ್ ಕಾಲು ಕೆಳಗಿಳಿಸಿದಳು. "ನಾನು ಸ್ನಾನಕ್ಕೆ ನೀರು ಕಾಯಿಸ್ತಿದ್ದೆ ಸಾರ್!"

"ಹನ್ನೆರಡು ನಿಮಿಷ," ಎಂದರು ಸಾಹೇಬರು ತಲೆತಗ್ಗಿಸಿ. ಪುಸ್ತಕದಲ್ಲಿ ಎಲ್ಲ ಇತ್ತು.

ಹೆಂಡತಿ ತಿರುಗಲೂ ಇಲ್ಲ. "ನನಗೆ ಗೊತ್ತಿತ್ತು."

"ಏನು? ಯಾವಾಗಿಂದ?"

"ಫ್ರಿಜ್ ಮೇಲೆ ಬಂದ ಮಾರನೇ ದಿನದಿಂದ. ನೀವು ಹನ್ನೆರಡು ಅಂದ್ರಿ. ಇಲ್ಲಿ ಪ್ಲಗ್ ಕಿತ್ತೆ, ಏಳು ಅಂದ್ರಿ. ಮತ್ತೆ ಹಾಕಿದೆ, ಹನ್ನೆರಡು ಅಂದ್ರಿ. ನಾನೂ ಮೂರು ಸಲ ಅಳೆದೆ."

"ಗೊತ್ತಿದ್ದೂ ಹೇಳಲಿಲ್ವಾ? ಆ ಸ್ಟೂಲಿನ ಮೇಲೆ ಕೂತೂ ಕೂತೂ ನನ್ನ ಸೊಂಟ ಹಿಡ್ಕೊಂಡುಬಿಟ್ಟಿದೆ ಕಣೇ!"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಸಾಹೇಬರು ಪ್ರಾಮಾಣಿಕವಾಗಿ ಯೋಚಿಸಿದರು. "ನಮ್ಮ ಮೀಟರಿನ ಮುಂದೆ ಕೂತ್ಕೋತಿದ್ದೆ."

"ಅದಕ್ಕೇ ಹೇಳಲಿಲ್ಲ." ಹೆಂಡತಿ ಕೊನೆಯ ಗುಲಾಬಿಯನ್ನು ಕೇಕಿನ ನೆತ್ತಿಯ ಮೇಲೆ ಕೂರಿಸಿದರು. "ಫ್ರಿಜ್ ಇಲ್ಲೇ ಇರ್ಲಿ, ನಾನೂ ಹಗಲೆಲ್ಲ ಇಲ್ಲೇ ಇರ್ತೀನಿ. ಅವಳ ಕರೆಂಟಿಗೆ ನನ್ನ ಕೇಕು, ನಾವಿಬ್ಬರೂ ಮಾತಾಡ್ಕೊಂಡಿದೀವಿ. ನೀವು ಕೆಳಗೆ ನಿಮ್ಮ ಸೊನ್ನೆ ನೋಡ್ಕೊಂಡು ಆರಾಮಾಗಿರಿ."

ಸಾಹೇಬರು ಫ್ಯಾನಿನ ಗಾಳಿಯಲ್ಲಿ ಒಂದು ಗಳಿಗೆ ನಿಂತರು. ಕೇಕಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. "ನಾನೂ ಇಲ್ಲಿಗೇ ಬಂದು ಕೂತ್ರೆ?"

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. "ಬರ್ಬಹುದು," ಎಂದರು ಹೆಂಡತಿ. "ಪುಸ್ತಕ, ಗಡಿಯಾರ ಎರಡನ್ನೂ ಕೆಳಗಿಟ್ಟು ಬನ್ನಿ."

ಸಾಹೇಬರು ಕೆಳಗಿಳಿದು ಎರಡನ್ನೂ ಇಟ್ಟು, ಸೊಂಟ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿ, ಬಾಗಿಲು ಹಾಕಿದ್ದು ಕಂಡು ಮೆಲ್ಲಗೆ ಬೆರಳಿನಿಂದ ತಟ್ಟಿದರು. (ಪಕ್ಕದಲ್ಲೇ ಕರೆಗಂಟೆಯಿತ್ತು. ಒತ್ತಲು ಧೈರ್ಯ ಬರಲಿಲ್ಲ.)