ಮಹಡಿಯ ಟೋಮಸ್ ಮತ್ತು ನಮ್ಮ ಓಣಿಯ ತೆರಿಗೆ

ಸಂಗೀತ ಬಲ್ಲವರನ್ನು ಕಂಡರೆ ಜನ ಒಂದು ಹಾಡು ಹೇಳಿ ಎನ್ನುತ್ತಾರೆ. ಜ್ಯೋತಿಷ್ಯ ಬಲ್ಲವರ ಮುಂದೆ ಕೇಳದಿದ್ದರೂ ಅಂಗೈ ಚಾಚುತ್ತಾರೆ. ವೈದ್ಯರು ಮದುವೆ ಊಟಕ್ಕೆ ಹೋದರೂ ಪಕ್ಕದ ಎಲೆಯವರು ತಮ್ಮ ಮೊಣಕಾಲು ನೋವಿನ ಚರಿತ್ರೆ ಬಿಚ್ಚುತ್ತಾರೆ. ಆದರೆ ಕಾರ್ಕಳದ ಒಂದು ಕಾಲೇಜಿನಲ್ಲಿ ಜೀವಮಾನವಿಡೀ ಆದಾಯ ತೆರಿಗೆಯ ಪಾಠ ಮಾಡಿ ನಿವೃತ್ತನಾದ ನನ್ನನ್ನು ಈವರೆಗೆ ಯಾರೂ, 'ಮಾಷ್ಟ್ರೇ, ತೆರಿಗೆಯ ಬಗ್ಗೆ ನಾಲ್ಕು ಮಾತು ಹೇಳಿ' ಎಂದು ಕೇಳಿದ್ದಿಲ್ಲ. ಸಭೆ ಸಮಾರಂಭಗಳಲ್ಲಿ ನಾನೇ, "ಈ ಸಲದ ಬಜೆಟ್ಟಿನಲ್ಲಿ..." ಎಂದು ಬಾಯಿ ತೆರೆದರೆ ಪಕ್ಕದವರಿಗೆ ಕೂಡಲೇ ಮೊಬೈಲಿನಲ್ಲಿ ಕರೆ ಬರುತ್ತದೆ. ಚಾರ್ಜ್ ಮುಗಿದು ಕಪ್ಪಾಗಿರುವ ಮೊಬೈಲಿಗೂ ಬರುತ್ತದೆ! ತರಗತಿಯಲ್ಲಿಯೂ ಪಾಠದ ಕೊನೆಗೆ "ಏನಾದರೂ ಪ್ರಶ್ನೆ ಉಂಟಾ?" ಎಂದರೆ, "ಸರ್, ಬೆಲ್ ಆಯ್ತಾ?" ಎಂಬುದೊಂದೇ ಪ್ರಶ್ನೆ. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ಎಡವಟ್ಟನ್ನು ಓದುವಾಗ ನಿಮಗೆ ನನ್ನ ಮೇಲೆ ಸ್ವಲ್ಪ ಕನಿಕರ ಇರಲಿ ಎಂದು.

ಕಾಪುವಿನಲ್ಲಿರುವ ನಮ್ಮ ಮನೆಯ ಮಹಡಿಗೆ ಈ ಸಲದ ವಿಷು ಹಬ್ಬದ ಹೊತ್ತಿಗೆ, ಅಂದರೆ ಏಪ್ರಿಲ್ ನಡುವಿನಲ್ಲಿ, ಬಾಡಿಗೆಗೆ ಬಂದವನು ಟೋಮಸ್. ದೇಶ ಸ್ಲೊವಾಕಿಯಾ. ಆ ಹೆಸರು ನಮ್ಮ ಓಣಿಯವರ ನಾಲಿಗೆಗೆ ಒಗ್ಗದ್ದರಿಂದ ಎಲ್ಲರೂ ಸೇರಿ ಅವನನ್ನು ಜರ್ಮನಿಯವನನ್ನಾಗಿ ಮಾಡಿದರು. ಅವನೂ ಒಂದೆರಡು ಸಲ ತಿದ್ದಿ ನೋಡಿ, ಕೊನೆಗೆ ಒಪ್ಪಿಕೊಂಡ. ಅವನ ಉದ್ಯೋಗ ಕೇಳಿ ನಾನು ದಂಗಾದೆ. ಅವನ ದೇಶದ ಯಾವುದೋ ಊರಿನಲ್ಲಿ ಓಡುವ ಟ್ರಾಮುಗಳು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ನಿರ್ಧರಿಸುವುದು ಅವನ ಕೆಲಸವಂತೆ. ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಕಚೇರಿ ಶುರು. ಮಹಡಿಯ ಬಾಲ್ಕನಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತನೆಂದರೆ ಅಲ್ಲಿಯ ಅಜ್ಜಿಯಂದಿರು ಚರ್ಚಿಗೆ ಎಷ್ಟು ಗಂಟೆಗೆ ಹೊರಡಬೇಕೆಂಬುದು ಇಲ್ಲಿ ನಮ್ಮ ತೆಂಗಿನ ಮರದ ನೆರಳಿನಲ್ಲಿ ತೀರ್ಮಾನವಾಗುತ್ತಿತ್ತು. ಇಂಥವನನ್ನು ವಿಧಿ ತಂದು ಕೂರಿಸಿದ್ದು ನಮ್ಮ ಬಸ್ಸುಗಳ ಊರಿಗೆ! ಉಡುಪಿಯ ಎಕ್ಸ್‌ಪ್ರೆಸ್ ಬಸ್ಸುಗಳೆರಡು ಒಂದರ ಬೆನ್ನಿಗೆ ಒಂದು ಹಾರ್ನ್ ಹೊಡೆಯುತ್ತ ಬಂದು, ಕಂಡಕ್ಟರುಗಳಿಬ್ಬರೂ ಬಾಗಿಲಲ್ಲಿ ನೇತಾಡುತ್ತ ಸೀಟಿ ಊದಿ, ಒಬ್ಬನೇ ಒಬ್ಬ ಪ್ರಯಾಣಿಕನ ರಟ್ಟೆಗೆ ಜಗ್ಗಾಡುವುದನ್ನು ಅವನು ಮೊದಲ ದಿನ ಬಾಯಿ ತೆರೆದು ನೋಡಿದ. ಆ ಪ್ರಯಾಣಿಕ ಅವನೇ ಆಗಿದ್ದ.

ಇನ್ನು ನನ್ನ ಭಾವ ಸದಾನಂದರ ವಿಷಯ. ಇವರು ನನ್ನ ಹೆಂಡತಿ ವಸಂತಿಯ ಅಣ್ಣ; ಬಹಳ ವರ್ಷ ಕುವೈಟಿನಲ್ಲಿ ದುಡಿದು ಬಂದು ಈಗ ಪಕ್ಕದ ಮನೆಯಲ್ಲಿದ್ದಾರೆ. ದಿನಾ ಸಂಜೆ ನಮ್ಮ ಚಾವಡಿಗೆ ಬಂದು ದೇಶದ ಯಾವುದಾದರೂ ಒಂದು ಸಮಸ್ಯೆಯನ್ನು ಪರಿಹರಿಸಿ, ಚಹಾ ಕುಡಿದು ಹೋಗುವುದು ಅವರ ಕ್ರಮ. ಆ ಮಳೆಗಾಲದಲ್ಲಿ ಅವರಿಗೆ ಸಿಕ್ಕಿದ ಸಮಸ್ಯೆ ಟೋಮಸ್. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಾದದ ಖಾರ ಸ್ವಲ್ಪ ಕಡಿಮೆ ಅನಿಸಿದರೆ ತಪ್ಪು ನನ್ನದು, ಭಾವನದಲ್ಲ.

ಒಂದು ಸಂಜೆ ಅವರು ನನ್ನನ್ನು ಹಿಡಿದರು (ಅವರೂ ನನ್ನನ್ನು ಭಾವ ಎಂದೇ ಕರೆಯುವುದು): "ನೀನೇ ಹೇಳು ಭಾವ, ಇದೆಂಥ ನ್ಯಾಯ? ನಮ್ಮ ರೋಡಲ್ಲಿ ನಡೆಯುತ್ತಾನೆ, ನಮ್ಮ ಬಾವಿಯ ನೀರು ಕುಡಿಯುತ್ತಾನೆ, ಲೈಟ್‌ಹೌಸಿನ ಬೆಳಕು ಅವನ ಕೋಣೆಗೂ ಬೀಳ್ತದೆ. ದುಡಿಯುವುದು ಇಲ್ಲಿ ಕೂತು. ಟ್ಯಾಕ್ಸ್ ಮಾತ್ರ ನಮಗೆ ಒಂದು ಕಾಸು ಇಲ್ಲ!"

ವಸಂತಿ ಚಹಾದ ಲೋಟ ಇಡುತ್ತ ಕೇಳಿದಳು: "ಅಣ್ಣ, ಕುವೈಟಿನ ರೋಡಲ್ಲಿ ನೀನು ನಡೆಯಲಿಲ್ವಾ?"

"ನಡೆದಿದ್ದೇನೆ. ಮತ್ತೆ ಹಾರ್ಲಿಕ್ಕೆ ಆಗ್ತದಾ?"

"ಅಲ್ಲಿ ಟ್ಯಾಕ್ಸ್ ಕಟ್ಟಿದ್ದುಂಟಾ?"

"ಅವರು ಕೇಳಲೇ ಇಲ್ಲ ಮಾರಾಯ್ತಿ."

"ಇಲ್ಲಿ?"

"ಇಲ್ಲಿ ನಾನು ಇರಲೇ ಇಲ್ಲವಲ್ಲ!"

"ಅಂದ್ರೆ ನೀನೂ ಎಲ್ಲಿಗೂ ಕಟ್ಟಲಿಲ್ಲ."

"ಅದು ಬೇರೆ, ಇದು ಬೇರೆ" ಎಂದು ಭಾವ ಚಹಾ ಕುಡಿದರು. ನಾನು ನಡುವೆ ಬಾಯಿ ಹಾಕಿ, ಇದಕ್ಕೆ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರ ಉಂಟು, ವಾಸದ ಅವಧಿ ಎಂಬ ಒಂದು ಸೊಗಸಾದ ಪರಿಕಲ್ಪನೆ ಉಂಟು ಎಂದು ಶುರು ಮಾಡಿದೆ. ಭಾವನ ಮೊಬೈಲಿಗೆ ಕರೆ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಟೋಮಸ್ ಕೆಳಗಿಳಿದು ಬಂದ. ಬೆಳಗಿನ ಹೊತ್ತು ಅವನಿಗೆ ಬಿಡುವು. ನಾವಿಬ್ಬರೂ ಸಮುದ್ರದ ದಂಡೆಯವರೆಗೆ ನಡೆದು ಬರುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು. ಅಂದು ಅವನು ಚಪ್ಪಲಿ ಮೆಟ್ಟುತ್ತ, ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ ಕೇಳಿದ: "ಸರ್, ನಾನು ಇಲ್ಲಿ ತೆರಿಗೆ ಕಟ್ಟಬೇಕೇ? ನಿಮ್ಮ ಭಾವ ನನಗೂ ಹೇಳಿದರು, ಅದು ಸರಿ ಅನಿಸುತ್ತದೆ."

ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯ, ಪರೀಕ್ಷೆಯ ಭಯವಿಲ್ಲದೆ, ತಾನಾಗಿ, ನನ್ನಿಂದ ತೆರಿಗೆಯ ವಿಷಯ ಕೇಳುತ್ತಿದ್ದಾನೆ! ಆಮೇಲೆ ನನ್ನನ್ನು ಹಿಡಿಯುವವರು ಯಾರು? ದಂಡೆಯವರೆಗೆ ವಾಸದ ಅವಧಿ, ದಂಡೆಯಲ್ಲಿ ಎರಡು ದೇಶಗಳ ನಡುವಿನ ಒಪ್ಪಂದ, ಬರುವಾಗ ಉದ್ಯೋಗದಾತನ ಹೊಣೆ. ಸಾಮಾನ್ಯವಾಗಿ ಒಂದು ಹಣಕಾಸು ವರ್ಷದಲ್ಲಿ ಸುಮಾರು ಅರ್ಧ ವರ್ಷ ಇಲ್ಲಿದ್ದರೆ ಅವನು ನಮ್ಮ ತೆರಿಗೆಯ ಲೆಕ್ಕಕ್ಕೆ ನಮ್ಮವನೇ ಆಗಿಬಿಡುತ್ತಾನೆ, ಅದಕ್ಕೆ ಮೊದಲೇ ಹೊರಟರೆ ಪಾರು ಎಂದು ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು ತೋರಿಸಿದೆ. ಮೀನಿನ ಬುಟ್ಟಿ ಹಿಡಿದು ಹೋಗುತ್ತಿದ್ದವರೊಬ್ಬರು ನಿಂತು ನೋಡಿ ಹೋದರು. ಟೋಮಸ್ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಮೂರು ಪ್ರಶ್ನೆ ಬೇರೆ ಕೇಳಿದ! ಆ ದಿನ ನಾನು ಒಂದು ದೋಸೆ ಜಾಸ್ತಿ ತಿಂದೆ.

ಪಾಠ ಅವನಿಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಅವನು ಅದನ್ನು ಅಚ್ಚುಕಟ್ಟಾಗಿ ಬರೆದು ತನ್ನ ಕಂಪೆನಿಗೆ ಕಳಿಸಿದ. ಈವರೆಗೆ ಅವನು ಎಲ್ಲಿ ಕುಳಿತಿದ್ದಾನೆಂದು ಸರಿಯಾಗಿ ಯೋಚಿಸಿಯೇ ಇರದ ಕಂಪೆನಿಗೆ ಎಚ್ಚರವಾಯಿತು. ನಾಲ್ಕು ದಿನಗಳಲ್ಲಿ ಉತ್ತರ ಬಂತು: ಅರ್ಧ ವರ್ಷ ತುಂಬುವ ಮೊದಲು ಆ ದೇಶ ಬಿಟ್ಟು ಹೊರಡತಕ್ಕದ್ದು. ಅಂದರೆ ನವರಾತ್ರಿಯ ಹೊತ್ತಿಗೆ.

ಈ ಸುದ್ದಿ ತಿಳಿದಾಗ ವಸಂತಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಮಗೆ ಇದೆಲ್ಲ ಯಾಕೆ ಬೇಕಿತ್ತು? ಗೊತ್ತಿಲ್ಲ ಅಂತ ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ಕೇಳಿದನಲ್ಲ..."

"ನಾನೂ ಎಷ್ಟೋ ಕೇಳ್ತೇನೆ. ಬಾತ್‌ರೂಮಿನ ನಲ್ಲಿ ಸರಿ ಮಾಡಿಸಿ ಅಂತ ಕೇಳ್ತಾ ಇದ್ದೇನೆ, ಅದಕ್ಕೆ ಉತ್ತರ ಇಲ್ಲ. ಆ ಪಾಪದವನನ್ನು ಊರು ಬಿಡಿಸ್ಲಿಕ್ಕೆ ಮಾತ್ರ ಬಾಯಿ ಬಂತು!"

ಸಂಜೆ ಭಾವನೂ ಸಪ್ಪಗಾದರು. ಮಲ್ಪೆಯಿಂದ ಒಳ್ಳೆಯ ಬಂಗುಡೆ ಮೀನು ತಂದು ಅವನಿಗೆ ಹುಳಿಖಾರದ ಪುಳಿಮುಂಚಿ ಉಣ್ಣಿಸಬೇಕೆಂದು ಅವರು ಯೋಜನೆ ಹಾಕಿದ್ದರು. "ನಾನು ಟ್ಯಾಕ್ಸ್ ಕಟ್ಟಲಿ ಅಂತ ಹೇಳಿದ್ದು. ಹೋಗಲಿ ಅಂತ ನಾನೆಲ್ಲಿ ಹೇಳಿದೆ?" ಎಂದು ಎರಡು ಸಲ ಹೇಳಿದರು. ಅಂದು ದೇಶದ ಯಾವ ಸಮಸ್ಯೆಯೂ ಪರಿಹಾರವಾಗಲಿಲ್ಲ.

ನನಗಂತೂ ನಿಜಕ್ಕೂ ಸಂಕಟವಾಯಿತು. ಬೆಳಗಿನ ನಡಿಗೆಗೆ ಜೊತೆ, ಮಾತಿಗೆ ಮಾತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಏಕೈಕ ಶಿಷ್ಯ. ಅವನನ್ನು ನನ್ನ ಪಾಠವೇ ಓಡಿಸಿತಲ್ಲ! ಕಾನೂನಿಗೆ ಬೇರೆ ವ್ಯಾಖ್ಯಾನಗಳೂ ಉಂಟು, ಇದ್ದು ತೆರಿಗೆ ಕಟ್ಟಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ನಾನೇ ಎಲ್ಲ ಮಾಡಿಕೊಡುತ್ತೇನೆ ಎಂದು ಮರುದಿನ ದಂಡೆಯಲ್ಲಿ ತಿಪ್ಪರಲಾಗ ಹಾಕಿದೆ. "ನನಗೆ ಕಟ್ಟಲು ಬೇಸರವಿಲ್ಲ ಸರ್. ಆದರೆ ಅದು ಕಂಪೆನಿಗೂ ರಗಳೆ. ಇನ್ನೂ ಇರಬೇಕಾದರೆ ಅವರಿಗೆ ಒಂದು ಕಾರಣ ಹೇಳಬೇಕು. ಏನು ಹೇಳಲಿ?" ಎಂದ. ಸಮುದ್ರ ಚೆನ್ನಾಗಿದೆ ಎಂದರೆ ಕಂಪೆನಿ ಕೇಳುತ್ತದೆಯೇ?

ಆ ವಾರವೇ ನಮ್ಮ ಓಣಿಯ ಹಿರಿಯರಾದ ದಾಮೋದರಣ್ಣ ನಮ್ಮಲ್ಲಿಗೆ ಬಂದರು. ದೀಪಾವಳಿ ಕಳೆದು ಅವರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಈಗ ಉಡುಪಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಯಾರ ಮನೆಯ ಊಟಕ್ಕೆ ಹೋದರೂ ತಲೆಗೆ ಟೊಪ್ಪಿ ಹಾಕಿದ ಕೇಟರಿಂಗಿನ ಹುಡುಗರು ಬಡಿಸುತ್ತಾರೆ. ನಮ್ಮ ಓಣಿಯಲ್ಲಿ ಮಾತ್ರ ದಾಮೋದರಣ್ಣ ಇರುವವರೆಗೆ ಅದು ನಡೆಯುವುದಿಲ್ಲ. ಯಾರ ಮನೆಯ ಕಾರ್ಯವಾದರೂ ಓಣಿಯವರೇ ಬಡಿಸಬೇಕು, ಯಾರು ಏನು ಬಡಿಸಬೇಕೆಂದು ಅವರೇ ಹೇಳಬೇಕು. ಇದರಲ್ಲಿ ಒಂದು ಮೇಲೇರುವ ಕ್ರಮ ಉಂಟು. ಹೊಸಬರಿಗೆ ಮೊದಲು ಉಪ್ಪು. ಕೈ ಪಳಗಿದ ಮೇಲೆ ಉಪ್ಪಿನಕಾಯಿ, ಪಲ್ಯ. ವರ್ಷಗಳು ಕಳೆದು, ರೇಷ್ಮೆ ಸೀರೆಗಳ ನಡುವೆ ಬಿಸಿ ಬಕೆಟು ಹಿಡಿದು ಓಡಬಲ್ಲನೆಂಬ ನಂಬಿಕೆ ಬಂದವನಿಗೆ ಸಾರು. ಎಲ್ಲಕ್ಕಿಂತ ಮೇಲೆ ಪಾಯಸ. ಅದು ಸದಾನಂದ ಭಾವನ ಪಾಲಿಗೆ ಬಂದು ಬಹಳ ಕಾಲವಾಯಿತು.

ಟೋಮಸ್‌ಗೆ ಮಳೆಗಾಲದ ಎರಡು ಮೂರು ಊಟಗಳಲ್ಲಿ ಉಪ್ಪು ಸಿಕ್ಕಿತ್ತು. ಟ್ರಾಮಿನ ತಲೆಯಲ್ಲವೇ! ಯಾವ ಎಲೆಯೂ ಕಾಯದಂತೆ, ಹಿಂದೆ ಬರುವ ಪಲ್ಯದವನಿಗೆ ಢಿಕ್ಕಿಯಾಗದಂತೆ, ಪಂಕ್ತಿಯ ಯಾವ ತುದಿಯಿಂದ ಹೊರಟು ಎಲ್ಲಿ ತಿರುಗಬೇಕೆಂದು ಅವನು ಮೊದಲೇ ಯೋಚಿಸಿ ಹೊರಡುತ್ತಿದ್ದ. ದಾಮೋದರಣ್ಣ ಅದನ್ನು ನೋಡಿಟ್ಟುಕೊಂಡಿದ್ದರು.

"ಜರ್ಮನಿಯವನು ಇದ್ದಾನಾ? ಕರೆಯಿರಿ" ಎಂದರು. ಟೋಮಸ್ ಇಳಿದು ಬಂದ. ದಾಮೋದರಣ್ಣ ಅವನ ಭುಜ ತಟ್ಟಿ, ಅವನಿಗೆ ತಿಳಿಯಲೆಂದು ಕನ್ನಡದಲ್ಲಿ ಒಂದೇ ಮಾತು ಹೇಳಿದರು: "ನಮ್ಮ ಒಕ್ಕಲಿಗೆ ಸಾರು ನಿನಗೆ."

ಟೋಮಸ್‌ಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಅವನ ಮುಖ ಒಮ್ಮೆ ಕೆಂಪಾಯಿತು, ಮತ್ತೆ ಇಳಿಯಿತು. ವಸಂತಿಯೇ ಹೇಳಬೇಕಾಯಿತು: "ಅವನು ನವರಾತ್ರಿಗೆ ಹೋಗ್ತಾನಂತೆ ದಾಮೋದರಣ್ಣ. ಇನ್ನೂ ಇದ್ರೆ ಟ್ಯಾಕ್ಸ್ ಕಟ್ಟಬೇಕಂತೆ."

"ಅದಕ್ಕೆಂತ? ಕಟ್ಟಿದ್ರೆ ಆಯ್ತಲ್ಲ! ಸಾರು ಈಗ ಬೇರೆ ಯಾರಿಗೆ ಕೊಡುವುದು?" ಎಂದು ದಾಮೋದರಣ್ಣ ಪಕ್ಕದ ಮನೆಗೆ ಹೋದರು.

ಟೋಮಸ್ ಮಹಡಿ ಹತ್ತಿ ಹೋದ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, "ಸರ್, ಇಲ್ಲೇ ಇರುತ್ತೇನೆ. ತೆರಿಗೆ ಕಟ್ಟುತ್ತೇನೆ. ಕಂಪೆನಿ ಗೊಣಗಿ ಒಪ್ಪಿತು" ಎಂದ.

"ಏನು ಕಾರಣ ಕೊಟ್ಟೆ ಮಾರಾಯ?"

"ಇಲ್ಲಿ ನನಗೆ ಬಡ್ತಿಯಾಗಿದೆ ಎಂದು ಹೇಳಿದೆ. ಅವರು ಬಡ್ತಿಯನ್ನು ಗೌರವಿಸುತ್ತಾರೆ."

ಒಕ್ಕಲಿನ ದಿನ ನಾನು ಎಂದಿನಂತೆ ಮೊದಲ ಪಂಕ್ತಿಯಲ್ಲಿ, ಫ್ಯಾನಿನ ಕೆಳಗೆ ಕುಳಿತೆ. "ಮಾಷ್ಟ್ರೇ, ಬನ್ನಿ ಬನ್ನಿ, ಕೂತುಕೊಳ್ಳಿ" ಎಂದು ಎಲ್ಲರೂ ಕೂರಿಸುತ್ತಾರೆ, ನಾನೂ ಕೂರುತ್ತೇನೆ. ಈ ಕ್ರಮಕ್ಕೆ ಎಷ್ಟು ವರ್ಷವಾಯಿತೋ. ಟೋಮಸ್ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಸಾರಿನ ಬಕೆಟು ಹಿಡಿದು ಬಂದ. ಒಂದು ಹನಿ ಆಚೀಚೆ ಬೀಳಲಿಲ್ಲ. ಅವನ ಹಿಂದೆಯೇ ಭಾವ, ಬೆವರು ಒರೆಸಿಕೊಳ್ಳುತ್ತ, ಪಾಯಸದವರಿಗೆ ಅಪ್ಪಣೆ ಕೊಡುತ್ತಿದ್ದರು. ಕುವೈಟಿನಿಂದ ರಜೆಗೆ ಬಂದಾಗಲೆಲ್ಲ, ಪೆಟ್ಟಿಗೆ ಬಿಚ್ಚುವ ಮೊದಲೇ ಯಾರ ಮನೆಯಲ್ಲಿ ಊಟ ಉಂಟೆಂದು ಕೇಳಿ ಬಕೆಟು ಹಿಡಿಯಲು ಓಡುತ್ತಿದ್ದವರು ಇವರೇ ಎಂಬುದು ನನಗೆ ಆಗ ನೆನಪಾಯಿತು. ಟ್ಯಾಕ್ಸ್ ಎಲ್ಲಿಗೂ ಕಟ್ಟದಿದ್ದರೂ ಓಣಿಗೆ ಅವರು ಬಾಕಿ ಇಟ್ಟಿರಲಿಲ್ಲ. ಅಷ್ಟರಲ್ಲಿ ಟೋಮಸ್ ನನ್ನ ಎಲೆಯ ಮುಂದೆ ಬಗ್ಗಿ, ಅನ್ನದ ಕುಣಿಗೆ ಸಾರು ಬಿಟ್ಟು, ಕಲಿತ ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿದ: "ಸರ್, ನೀವು ಎಂತ ಬಡಿಸುವುದು?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಎರಡನೆಯ ಪಂಕ್ತಿಗೆ ಪಾಯಸವೋ ಏನೋ ಬಡಿಸಲಿರುವ ದೊಡ್ಡ ಮನುಷ್ಯನೆಂದೇ ಅವನು ತಿಳಿದಿದ್ದ. ಆದರೆ ಅಕ್ಕಪಕ್ಕದ ಎಲೆಗಳವರು ಉಣ್ಣುವುದನ್ನು ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು. ಭಾವ ಬೈರಾಸಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅರ್ಧ ವರ್ಷ ಇದ್ದವನು ಸಾರಿಗೆ ಏರಿದ್ದಾನೆ. ಹುಟ್ಟಿದಂದಿನಿಂದ ಇದೇ ಓಣಿಯಲ್ಲಿರುವ ತೆರಿಗೆ ಪಂಡಿತನ ಕೈಗೆ ಒಂದು ಸೌಟೂ ಬಂದಿಲ್ಲ! ಪಾಯಸವನ್ನು ಎರಡೇ ತುತ್ತಿಗೆ ಮುಗಿಸಿ ಎದ್ದೆ. ಕೈ ತೊಳೆದವನೇ ದಾಮೋದರಣ್ಣನ ಬಳಿಗೆ ಹೋಗಿ, ನನಗೂ ಏನಾದರೂ ಕೊಡಿ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಪ್ಪಿನ ತಟ್ಟೆಯನ್ನು ಕೊಟ್ಟರು.

ಉಪ್ಪಿನಲ್ಲಿ ಏನು ಕಷ್ಟ ಎಂದುಕೊಂಡಿದ್ದೆ. ಎಲೆಯ ತುದಿಗೆ ಒಂದು ಚಿಟಿಕೆ, ಅಷ್ಟೆ. ಆದರೆ ಹಿಂದಿನಿಂದ ಪಲ್ಯದವನು ದೂಡುತ್ತಿದ್ದ, ಎದುರಿನಿಂದ ಅನ್ನದವನು ಬರುತ್ತಿದ್ದ, ಎಲ್ಲರೂ "ಓಹೋ, ಮಾಷ್ಟ್ರು!" ಎನ್ನುತ್ತಿದ್ದರು. ಗಾಬರಿಯಲ್ಲಿಯೂ ಉತ್ಸಾಹದಲ್ಲಿಯೂ ನನ್ನ ಕೈ ಧಾರಾಳವಾಯಿತು, ತುದಿಯನ್ನು ಬಿಟ್ಟು ನಡುವೆಯೇ ಬಿತ್ತು, ಅದರ ಮೇಲೆ ಅನ್ನ ಬಿತ್ತು. ಮನೆಗೆ ಬಂದು ವಸಂತಿಗೆ ಹೆಮ್ಮೆಯಿಂದ, "ನಾನೂ ಬಡಿಸಿದೆ ಗೊತ್ತುಂಟಾ?" ಎಂದೆ. "ಗೊತ್ತಾಯ್ತು. ಎರಡನೇ ಪಂಕ್ತಿಯವರೆಲ್ಲ ನೀರು ಕುಡಿದದ್ದು ಮುಗಿಯಲೇ ಇಲ್ಲ" ಎಂದಳು.

ಸಂಜೆ ದಾಮೋದರಣ್ಣ ಸ್ವತಃ ಬಂದರು. ನನ್ನ ಕೈ ಹಿಡಿದು, ಬಹಳ ಪ್ರೀತಿಯಿಂದ, "ಮಾಷ್ಟ್ರೇ, ನಿಮಗೆ ಇದೆಲ್ಲ ಬೇಡ. ನೀವು ಇನ್ನು ಮುಂದೆಯೂ ಮೊದಲ ಪಂಕ್ತಿಯಲ್ಲೇ ಕೂತುಕೊಳ್ಳಿ" ಎಂದು ಹೇಳಿ ಹೋದರು. ವಿನಾಯಿತಿಗಳ ಬಗ್ಗೆ ನಾನು ಅದೆಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದು ಸಿಕ್ಕವನಿಗೆ ಇಷ್ಟು ಅವಮಾನವಾಗುತ್ತದೆಂದು ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಹಾಗಾಗಿ ಈಗ ದಿನಾ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಟೋಮಸ್ ಮರಳಿನ ಮೇಲೆ ಸಾಲಾಗಿ ಎಲೆಗಳ ಚಿತ್ರ ಬರೆಯುತ್ತಾನೆ. ನಾನು ಒಂದು ಹಿಡಿ ಮರಳು ತಟ್ಟೆಯಲ್ಲಿಟ್ಟುಕೊಂಡು ತುದಿತುದಿಗೆ ಚಿಟಿಕೆ ಹಾಕುತ್ತ ಹೋಗುತ್ತೇನೆ. ಪಾಠದ ಕೊನೆಗೆ ಅವನು, ಏನಾದರೂ ಪ್ರಶ್ನೆ ಉಂಟಾ ಎಂದು ಕೇಳುತ್ತಾನೆ. ನನಗೆ ತುಂಬಾ ಪ್ರಶ್ನೆಗಳಿರುತ್ತವೆ.