ಮುಖ್ಯ ಅತಿಥಿಯ ಲಾಡು

ನಮ್ಮ ಮಾವನಿಗೆ ಸ್ವಾತಂತ್ರ್ಯ ಬಂದದ್ದು ಉಳಿದವರಿಗಿಂತ ಹದಿಮೂರು ತಿಂಗಳು ತಡವಾಗಿ! ನಗಬೇಡಿ, ಅವರೇ ಹಾಗೆ ಹೇಳುತ್ತಿದ್ದರು. ಅದೂ ಜಯನಗರದ ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿಯ ಮುಂದೆ ನಿಂತು, ಹತ್ತು ಜನಕ್ಕೆ ಕೇಳುವಂತೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ರಾಯಚೂರಿನ ಕಡೆಯವರು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಅವರ ಊರು ನಿಜಾಮನ ಕೈಯಲ್ಲಿತ್ತು. ಅಲ್ಲಿ ನಮ್ಮ ಬಾವುಟ ಏರಿದ್ದು ಮರುವರ್ಷದ ಸೆಪ್ಟೆಂಬರ್ ಹದಿನೇಳರ ನಂತರವೇ. ಹಾಗಾಗಿ ಆಗಸ್ಟ್ ಹದಿನೈದರಂದು ಇಡೀ ಬೀದಿ ಸಂಭ್ರಮಿಸುವಾಗ ಈ ಮಹಾಶಯರು ಬನಿಯನ್ ಹಾಕಿಕೊಂಡು ಸೈಕಲ್ ತೊಳೆಯುತ್ತಿದ್ದರು. ಯಾರಾದರೂ ಸಿಹಿ ತಂದರೆ, “ನಮಗಿನ್ನಾ ಬಂದಿಲ್ರೀ. ಬಂದ ಮ್ಯಾಲ ತಿಂತೀನಿ” ಎನ್ನುತ್ತಿದ್ದರು. ಬೆಂಗಳೂರಿನವರಾದ ಅತ್ತೆ ಬಿಡುತ್ತಾರೆಯೇ? “ಕೊಡಿ ಸಾರ್, ನಮ್ಮಪ್ಪನ ಮನೆ ಕಡೆ ಬಂದಾಯ್ತು!” ಎಂದು ತಟ್ಟೆ ಇಸಿದುಕೊಳ್ಳುತ್ತಿದ್ದರು.

ಎಪ್ಪತ್ತೆರಡರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ಬೀದಿಯವರು ಮಾವನನ್ನು ಹೇಗೋ ಎಳೆತಂದು ಮೈಕಿನ ಮುಂದೆ ನಿಲ್ಲಿಸಿದರು. “ನಿಮಗ ಇಪ್ಪತ್ತೈದು ತುಂಬ್ಯಾವ. ನನಗ ಇನ್ನಾ ಇಪ್ಪತ್ನಾಕೂ ತುಂಬಿಲ್ಲ!” ಎಂದು ಶುರು ಮಾಡಿದರು ನೋಡಿ, ಮುಗಿಯಿತು ಕಥೆ. ಧಾರವಾಡದ ಮೇಷ್ಟ್ರು ಎದ್ದು, ಮುಂಬಯಿ ಪ್ರಾಂತ್ಯದಲ್ಲಿದ್ದ ತಮ್ಮ ಕಷ್ಟ ತೆಗೆದರು. ಮಂಗಳೂರಿನವರೊಬ್ಬರು ಮದರಾಸಿನ ಮಾತೆತ್ತಿದರು. ಕೊಡಗಿನ ನಿವೃತ್ತ ಸುಬೇದಾರರು, “ನಮ್ಮದು ಬೇರೆ ರಾಜ್ಯವೇ ಆಗಿತ್ತು ಗೊತ್ತುಂಟಾ?” ಎಂದು ಕೋಲು ಕುಟ್ಟಿದರು. ನಮ್ಮಪ್ಪ ಸುಮ್ಮನಿರಬೇಕೋ ಬೇಡವೋ! “ನಾವೇನ್ ಸುಮ್ನೆ ಕೂತಿದ್ವಾ? ಮೈಸೂರಲ್ಲೂ ಮಹಾರಾಜ್ರೇ ಇದ್ರು. ಜನರ ಸರ್ಕಾರ ಬೇಕು ಅಂತ ಆಗಸ್ಟ್ ಕಳೆದ್ಮೇಲೂ ಜೈಲಿಗೆ ಹೋಗಿದೀವಿ!” ಎಂದರು. ಇವರ ಇತಿಹಾಸ ಮುಗಿಯುವಷ್ಟರಲ್ಲಿ ಲಾಡಿನ ಬುಟ್ಟಿಗೆ ಇರುವೆ ಮುತ್ತಿತ್ತು.

ಮಾವನ ಸ್ವಂತ ಉತ್ಸವ ಸೆಪ್ಟೆಂಬರ್ ಹದಿನೇಳಕ್ಕೆ, ತಾರಸಿಯ ಮೇಲೆ. ಬಿದಿರು ಗಳಕ್ಕೆ ಕಟ್ಟಿದ ಬಾವುಟ, ಒಂದು ಖಾಲಿ ಕುರ್ಚಿ, ತಟ್ಟೆಯಲ್ಲಿ ಅತ್ತೆ ಕಟ್ಟಿದ ಎರಡು ಲಾಡು. ಬೀದಿಯವರನ್ನೆಲ್ಲ ಕರೆಯುತ್ತಿದ್ದರು. “ಆಫೀಸಿದೆಯಲ್ಲಾ ಸಾರ್!” ಎಂದು ಎಲ್ಲರೂ ಜಾರಿಕೊಳ್ಳುತ್ತಿದ್ದರು. ಕೊನೆಗೆ ಉಳಿಯುತ್ತಿದ್ದ ಸಭಿಕರು ಎಂದರೆ ಎರಡು ಜಡೆ ಹಾಕಿಕೊಂಡ ನಾನು, ಮತ್ತು ಒಣಗಲು ಹರವಿದ ಮೆಣಸಿನಕಾಯಿ.

“ಕುರ್ಚಿ ಯಾರಿಗೆ ಮಾವ?”

“ಮುಖ್ಯ ಅತಿಥಿಗೆ. ಬರ್ತಾನ. ಗಾಡಿ ತಡ ಆಗ್ಯದ.”

ರಸ್ತೆಯ ಕಡೆ ನೋಡುತ್ತಾ ಎಂಟು ಗಂಟೆಯವರೆಗೆ ಕಾಯುತ್ತಿದ್ದರು. ಆಮೇಲೆ ತಾವೇ ಬಾವುಟ ಏರಿಸಿ, ಒಂದು ಲಾಡು ತಾವು ತಿಂದು, ಅತಿಥಿಯ ಪಾಲಿನದನ್ನು ನನಗೆ ಕೊಡುತ್ತಿದ್ದರು. ಇನ್ನೇನು ಬೇಕು? ಪ್ರತಿವರ್ಷ ಹಿಂದಿನ ದಿನವೇ ನಾನು ಬನಶಂಕರಿಗೆ ಕೈಮುಗಿಯುತ್ತಿದ್ದೆ: ತಾಯೀ, ನಾಳೆಯೂ ಗಾಡಿ ತಡವಾಗಲಿ!

ಕಾಲೇಜಿಗೆ ಹೋಗುವಾಗ ಒಮ್ಮೆ ಅತ್ತೆಯನ್ನು ಛೇಡಿಸಿದೆ. “ಅದ್ಯಾವ ಗಾಡಿ ಅತ್ತೆ, ಇಷ್ಟು ವರ್ಷ ತಡ?”

ಅತ್ತೆ ಲಾಡು ಕಟ್ಟುತ್ತಿದ್ದ ಕೈ ನಿಲ್ಲಿಸಿದರು. “ಅವರಣ್ಣ ಕಣೇ. ಆಗಸ್ಟ್ ಹದಿನೈದಕ್ಕೆ ಅಲ್ಲಿ ಬಾವುಟ ಹಾರಿಸಿದ್ರು ಅಂತ ನಿಜಾಮನ ಪೊಲೀಸ್ನೋರು ಹಿಡ್ಕೊಂಡ್ ಹೋದ್ರಂತೆ. ಹೋಗ್ತಾ ಇವರಿಗೆ, ‘ನನ್ನ ಪಾಲಿನ ಲಾಡು ತೆಗೆದಿಡು, ಬಂದು ನಾನೇ ಬಾವುಟ ಏರಿಸ್ತೀನಿ’ ಅಂದಿದ್ರಂತೆ. ಮರುವರ್ಷ ಬಿಡುಗಡೆ ಆದೋರೆಲ್ಲ ರೈಲಿಂದ ಇಳಿದ್ರು. ಅವರೊಬ್ಬರು ಇಳೀಲಿಲ್ಲ.”

ಅಷ್ಟೂ ವರ್ಷ ನಾನು ತಿಂದದ್ದು ಅವರ ಪಾಲಿನ ಲಾಡು. ಗಾಡಿ ತಡವಾಗಲಿ ಎಂದು ಬೇಡಿಕೊಂಡಿದ್ದೆನಲ್ಲ ನಾನು! ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎಂಬತ್ತೇಳರಲ್ಲಿ ನಲವತ್ತನೇ ವರ್ಷದ ಸಡಗರ. ಮಾವ ಹಾಸಿಗೆ ಹಿಡಿದಿದ್ದರು, ಮೆಟ್ಟಿಲು ಹತ್ತುವಂತಿರಲಿಲ್ಲ. ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದೆ. ಕುರ್ಚಿ ಇಟ್ಟೆ, ಎಂಟರವರೆಗೆ ಕಾದೆ. ರಸ್ತೆಯಲ್ಲಿ ಯಾರಾದರೂ ಬರುತ್ತಾರೇನೋ ಎಂದು ನಿಜಕ್ಕೂ ನೋಡಿದೆ. ಆಮೇಲೆ ಬಾವುಟ ಏರಿಸಿ, ಅಳುತ್ತಾ ಎರಡೂ ಲಾಡು ತಿಂದು ಕೆಳಗಿಳಿದೆ.

ಮಾವ ಕಣ್ಣು ಬಿಟ್ಟರು. “ಬಂದಿದ್ದನೇನವ್ವ?”

“ಬಂದಿದ್ರು ಮಾವ. ಅವರೇ ಏರಿಸಿದ್ರು. ಗಾಡಿ ತಡ ಆಯ್ತಂತೆ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ನೋಡಿದರು.

“ನನ್ನ ಪಾಲಿಂದೂ ತಿಂದ್ನೇನು?”

“ಹೂಂ ಮಾವ. ಎರಡೂ ತಿಂದ್ರು.”

ಮಾವ ನಕ್ಕರು. “ಹಂಗಾದ್ರ ಅವನೇ ಬಿಡು!”